ಪ್ರಕೃತಿಯೂ ಸಂಸ್ಕಾರವೂ: ಪಾವಗಡದ ಸೂಲಗಿತ್ತಿ ನರಸಮ್ಮನವರ ಬಾಳು

ಹುಟ್ಟುಗುಣ ಸುಟ್ಟರೂ ಹೋಗದೆಂದು ಹೇಳುವ ಬಾಯಿಯೇ ಸಹವಾಸದಿಂದ ಸಂನ್ಯಾಸಿ ಕೆಟ್ಟನೆಂದೂ ಹೇಳುತ್ತದೆ. ಜೀವನಚರಿತ್ರೆಗಳನ್ನು ಬರೆಯುವವರೂ ಪಾಠ ಹೇಳುವವರೂ ಸಮಯಾನುಸಾರವಾಗಿ ಈ ಎರಡರಲ್ಲೊಂದನ್ನು ಹಿಡಿದು ಕಾರ್ಯವನ್ನು ಸಾಗಿಸುವುದುಂಟು. ಎರಡೂ ಒಂದೇ ಬಾಳಿನಲ್ಲಿ ಹೆಣೆದುಕೊಳ್ಳುವ ಬಗೆಯನ್ನು ಪರಿಶೀಲಿಸುವುದಕ್ಕೆ ಸೂಲಗಿತ್ತಿ ನರಸಮ್ಮನವರ ಚರಿತ್ರೆಯು ತಕ್ಕುದಾಗಿದೆ. ಸೂಲೆಂದರೆ ಹೆರಿಗೆ, ಅದನ್ನು ಮಾಡಿಸುವವಳು ಸೂಲಗಿತ್ತಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಬಂಡೆಬೆಟ್ಟಗಳ ಸೀಮೆ, ಮಳೆ ಕಡಮೆ. ಪಾವಗಡವು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದಿರುವುದರಿಂದ ಅಲ್ಲಿ ತೆಲುಗು ಮನೆಮಾತಾದವರು ಬಹಳ ಮಂದಿ. ನರಸಮ್ಮನವರೂ ಅಂಥವರೇ. ಅವರು 1920ರಲ್ಲಿ ಜನಿಸಿದರು. ಶಾಲೆಯ ವಿದ್ಯೆಯಿಲ್ಲ, 12ನೆಯ ವಯಸ್ಸಿಗೆ ವಿವಾಹವಾಗಿ, 12 ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಅವರ ಅಜ್ಜಿ ಮರಿಗೆಮ್ಮನವರು ಸೂಲಗಿತ್ತಿಯಾಗಿದ್ದರು. ಮೊಮ್ಮಗಳ ಹೆರಿಗೆಗಳಲ್ಲಿ ಐದನ್ನು ಮಾಡಿಸಿದವರು ಆಕೆಯೇ. ಗುರುವಿನ ಕೈಯನ್ನು ಶಿಷ್ಯೆಯು ತನ್ನ ಮೈಯಲ್ಲಿಯೇ ಅರಿತಂತಾಯಿತು. ಇಂಥ ಅಧ್ಯಯನವು ಯಾವ ಪಾಠಶಾಲೆಯಲ್ಲಿಯೂ ದೊರೆಯುವುದಿಲ್ಲ. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಗರ್ಭಿಣಿಯರಿಗೆ ಕೊಡತಕ್ಕ ಗಿಡಮೂಲಿಕೆಗಳ ಮದ್ದುಗಳನ್ನೂ ಅವರು ಕಲಿತರು. 1940ರಲ್ಲಿ ಬಂಧುವೊಬ್ಬರ ಹೆರಿಗೆಗೆ ನೆರವಾದುದು ಮೊದಲು. ಆಮೇಲೆ ಏಳು ದಶಕಗಳಲ್ಲಿ 15,000ಕ್ಕೂ ಮಿಕ್ಕಿದ ಹೆರಿಗೆಗಳು, ಪ್ರತಿಫಲವಿಲ್ಲದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟೂ 2018ರಲ್ಲಿ ಪದ್ಮಶ್ರೀಯೂ ಬಂದುವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಇಲ್ಲಿ ಹುಟ್ಟಿನ ಪಾಲೆಷ್ಟು, ಬಾಳಿನ ಪಾಲೆಷ್ಟು? ರಕ್ತವನ್ನು ಕೊಟ್ಟ ಅಜ್ಜಿಯೇ ವಿದ್ಯೆಯನ್ನೂ ಕೊಟ್ಟಿರುವುದರಿಂದ ವಂಶವನ್ನು ನೋಡಿ ಉತ್ತರ ಹೇಳಲಾಗದು. ಮಕ್ಕಳನ್ನು ಕಳೆದುಕೊಂಡ ದುಃಖವೇ ಕಾರಣವೆನ್ನೋಣವೆಂದರೆ, ಆ ದುಃಖವನ್ನು ಕಾಣದ ಮನೆ ಆ ಕಾಲದ ಹಳ್ಳಿಗಳಲ್ಲಿ ವಿರಳ, ಅನುಭವಿಸಿದವರೆಲ್ಲರೂ ಸೂಲಗಿತ್ತಿಯರಾಗಲಿಲ್ಲ. ನಟ್ಟಿರುಳಿನಲ್ಲಿ ಕರೆದರೂ ಏಳುವ ಮನಸ್ಸು, ರಕ್ತವನ್ನು ಕಂಡು ಕದಲದ ಧೈರ್ಯ, ಇವುಗಳಲ್ಲಿ ಪ್ರಕೃತಿಯ ಪಾಲಿಲ್ಲವೆನ್ನುವುದು ಕಷ್ಟ.

ಅರ್ಧಶತಮಾನದ ಅವಳಿಮಕ್ಕಳ ಪರಿಶೋಧನೆಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದ ವಿದ್ವಾಂಸರು, ಶರೀರ ಮನಸ್ಸುಗಳ ಲಕ್ಷಣಗಳಲ್ಲಿ ಜನಜನಕ್ಕೆ ಕಾಣುವ ಭೇದದಲ್ಲಿ ಸರಾಸರಿ ಶೇಕಡ 49ರಷ್ಟು ಅನುವಂಶಿಕವೆಂದು ಗಣಿಸಿದರು. ಈ ಸಂಖ್ಯೆಯನ್ನು ತಪ್ಪಾಗಿ ಗ್ರಹಿಸುವವರು ಅನೇಕರು. ಅದು ಜನಸಮೂಹದೊಳಗಿನ ಭೇದದ ಅಳತೆಯೇ ಹೊರತು ಒಬ್ಬರ ಶೀಲದ ಪಾಲುಪಟ್ಟಿಯಲ್ಲ. ಪಾವಗಡದ ಒಂದೇ ಹೊಲದಲ್ಲಿ ನಾನಾ ತಳಿಯ ಕಡಲೆಕಾಯಿಯನ್ನು ಬಿತ್ತಿದರೆ ಇಳುವರಿಯ ಭೇದಕ್ಕೆ ಬೀಜವು ಕಾರಣ. ಒಂದೇ ತಳಿಯನ್ನು ನಾನಾ ಹೊಲಗಳಲ್ಲಿ ಬಿತ್ತಿದರೆ ನೆಲವೂ ನೀರೂ ಕಾರಣ. ಕಿತ್ತ ಗಿಡವೊಂದನ್ನು ಕೈಯಲ್ಲಿ ಹಿಡಿದು, ಇದರ ಕಾಯಲ್ಲಿ ಅರ್ಧ ಬೀಜದ್ದು, ಅರ್ಧ ಮಳೆಯದು ಎಂದು ಯಾವ ರೈತನೂ ಹೇಳನು.

ನ್ಯೂಯಾರ್ಕಿನಲ್ಲಿ 1956ರಿಂದ ಶಿಶುಗಳನ್ನು ವರ್ಷಗಟ್ಟಲೆ ಅವಲೋಕಿಸಿದ ಥಾಮಸ್ ಮತ್ತು ಚೆಸ್ ದಂಪತಿಗಳ ಮಾತು ಇಲ್ಲಿ ಹೆಚ್ಚು ಉಪಯುಕ್ತ. ಕೂಸಿನ ಸ್ವಭಾವಕ್ಕೂ ಅದು ಬೆಳೆಯುವ ಪರಿಸರಕ್ಕೂ ಇರುವ ಹೊಂದಿಕೆಯನ್ನೇ ಅವರು ಮುಖ್ಯವೆಂದೆಣಿಸಿದರು. ನರಸಮ್ಮನವರ ಸ್ವಭಾವಕ್ಕೆ ಮರಿಗೆಮ್ಮನವರ ಮನೆ ಹೊಂದಿತು. ಆಸ್ಪತ್ರೆ ದೂರವಾಗಿದ್ದ ಸೀಮೆಯ ಕೊರತೆ ಅದಕ್ಕೆ ಕೆಲಸವನ್ನು ಒದಗಿಸಿತು.

ಕನ್ನಡದ ‘ಕೈಗುಣ’ವೆಂಬ ಮಾತು ಈ ಹೊಂದಿಕೆಯನ್ನು ಎಂದೋ ಕಂಡಿರುವಂತಿದೆ. ಅದರಲ್ಲಿ ಗುಣವು ಹುಟ್ಟಿನದು, ಕೈ ಪಳಗಿದುದು. ಆದರೆ ಹೊಗಳುವವರು ಕೈಯನ್ನು ಬಿಟ್ಟು ಗುಣವನ್ನಷ್ಟೇ ಹಿಡಿಯುತ್ತಾರೆ. ಹುಟ್ಟಿನಿಂದಲೇ ಬಂದ ವರವೆಂದೊಡನೆ ಮರಿಗೆಮ್ಮನವರೂ ಅಲೆಮಾರಿಗಳೂ ಚರಿತ್ರೆಯಿಂದ ಮರೆಯಾಗುತ್ತಾರೆ. ಓದುಬರಹವಿಲ್ಲದವರ ವಿದ್ಯೆಯನ್ನು ವಿದ್ಯೆಯೆಂದು ಕರೆಯಲು ಅಂಜುವ ನಮ್ಮ ಸಂಕೋಚವೂ ಇದಕ್ಕೆ ಕಾರಣವಿದ್ದೀತು. ನರಸಮ್ಮನವರಾದರೋ ತಾವು ಕಲಿತುದನ್ನು ಇತರ ಹೆಂಗಸರಿಗೂ ಕಲಿಸಿಕೊಟ್ಟರು.