ಮಿನಿಡಿಸ್ಕ್ ಧ್ವನಿಮುದ್ರಣದಲ್ಲಿ ಟ್ರ್ಯಾಕ್ ಗುರುತು

ಟ್ರ್ಯಾಕ್ ಗುರುತು ಎಂಬುದು ಧ್ವನಿಮುದ್ರಿಕೆಯಲ್ಲಿ ಒಂದು ಭಾಗವು ಮುಗಿದು ಮತ್ತೊಂದು ಆರಂಭವಾಗುವ ಸ್ಥಳವನ್ನು ಸೂಚಿಸುವ ಸಂಕೇತವಾಗಿದೆ. ಪುಸ್ತಕದ ಓದುಗನಿಗೆ ಅಧ್ಯಾಯಗಳು ನೆರವಾಗುವಂತೆ, ಕೇಳುಗನು ತನಗೆ ಬೇಕಾದ ಹಾಡಿಗೆ ಅಥವಾ ಮಾತಿಗೆ ನೇರವಾಗಿ ಹೋಗಲು ಇದು ನೆರವಾಗುತ್ತದೆ. ಮಿನಿಡಿಸ್ಕ್ ರೆಕಾರ್ಡರ್‌ಗಳು ಅನೇಕ ಸಂದರ್ಭಗಳಲ್ಲಿ ಧ್ವನಿಯ ನಡುವಣ ಮೌನವನ್ನು ಆಧರಿಸಿ ಈ ಗುರುತನ್ನು ತಾವೇ ಹಾಕುತ್ತವೆ. ಆದರೆ ಎರಡು ಹಾಡುಗಳ ನಡುವಿನ ಬಿಡುವಿಗೂ ಒಂದೇ ಹಾಡಿನೊಳಗಿನ ಮೌನಕ್ಕೂ ಇರುವ ಭೇದವನ್ನು ಯಂತ್ರವು ಅರಿಯಲಾರದು. ತಪ್ಪಾದ ಸ್ಥಳದಲ್ಲಿ ಬಿದ್ದ ಗುರುತನ್ನು ಅನಂತರ ಅಳಿಸಬಹುದು. ಮುದ್ರಣವಾಗದೆ ಹೋದ ಮೌನವನ್ನು ಮರಳಿ ಪಡೆಯಲಾಗದು. ಈ ವಿಧಾನದ ಗುಣದೋಷಗಳೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿವೆ.

ಹಿನ್ನೆಲೆ

ಕ್ಯಾಸೆಟ್ಟಿನಲ್ಲಿ ಹಾಡುಗಳಿಗೆ ಪ್ರತ್ಯೇಕ ಗುರುತುಗಳಿರಲಿಲ್ಲ. ನಡುವಿನ ಮೌನವೇ ಗುರುತಾಗಿತ್ತು. ಹಾಡನ್ನು ಹುಡುಕುವ ಸೌಲಭ್ಯವಿದ್ದ ಯಂತ್ರಗಳು ಟೇಪನ್ನು ವೇಗವಾಗಿ ಓಡಿಸುತ್ತ, ಕೆಲವು ಸೆಕೆಂಡುಗಳ ಮೌನ ದೊರೆತಲ್ಲಿ ನಿಲ್ಲುತ್ತಿದ್ದವು. ಈ ಕಾರಣದಿಂದಲೇ ಹಲವು ಕ್ಯಾಸೆಟ್ ಡೆಕ್‌ಗಳಲ್ಲಿ ಹಾಡುಗಳ ನಡುವೆ ಸುಮಾರು 4 ಸೆಕೆಂಡುಗಳ ಖಾಲಿ ಜಾಗವನ್ನು ಬಿಡುವ ‘ರೆಕ್ ಮ್ಯೂಟ್’ ಗುಂಡಿ ಇರುತ್ತಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಈ ಪದ್ಧತಿಯನ್ನು ಬದಲಿಸಿತು. ಅದರಲ್ಲಿ ಪ್ರತಿಯೊಂದು ಟ್ರ್ಯಾಕ್ ಎಲ್ಲಿ ಆರಂಭವಾಗುತ್ತದೆ ಎಂಬ ವಿವರವು ಡಿಸ್ಕಿನ ವಿಷಯಸೂಚಿಯಲ್ಲಿರುತ್ತದೆ.

ಸೋನಿ ಸಂಸ್ಥೆಯು 1992ರ ನವೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಮಿನಿಡಿಸ್ಕ್, ಬಳಕೆದಾರನೇ ತಿದ್ದಬಹುದಾದ ವಿಷಯಸೂಚಿಯನ್ನು ಒದಗಿಸಿತು. 64 ಮಿಲಿಮೀಟರ್ ವ್ಯಾಸದ ಈ ಡಿಸ್ಕ್‌ಗಳು 60, 74 ಮತ್ತು 80 ನಿಮಿಷಗಳ ಅವಧಿಗಳಲ್ಲಿ ದೊರೆಯುತ್ತಿದ್ದವು. ಮೂಲ ಸ್ವರೂಪದ ಡಿಸ್ಕಿನಲ್ಲಿ ಗರಿಷ್ಠ 255 ಟ್ರ್ಯಾಕ್‌ಗಳಿಗೆ ಅವಕಾಶವಿದೆ.

ಗುರುತು ಬೀಳುವ ಬಗೆ

ಕಾಂಪ್ಯಾಕ್ಟ್ ಡಿಸ್ಕ್ ಪ್ಲೇಯರಿನಿಂದ ಆಪ್ಟಿಕಲ್ ಕೇಬಲ್ ಮೂಲಕ ಮುದ್ರಿಸುವಾಗ ಧ್ವನಿಯೊಡನೆ ಟ್ರ್ಯಾಕ್ ಮಾಹಿತಿಯೂ ಸಾಮಾನ್ಯವಾಗಿ ಹರಿದುಬರುತ್ತದೆ. ಆಗ ಗುರುತುಗಳು ಮೂಲದಲ್ಲಿದ್ದಂತೆಯೇ ಬೀಳುತ್ತವೆ. ಅನಲಾಗ್ ಕೇಬಲ್ ಮೂಲಕ ಧ್ವನಿ ಮಾತ್ರ ಬರುತ್ತದೆ, ಯಂತ್ರವು ಊಹಿಸಬೇಕಾಗುತ್ತದೆ. ಸುಮಾರು 2 ಸೆಕೆಂಡುಗಳ ಕಾಲ ಧ್ವನಿಯ ಮಟ್ಟ ಕುಗ್ಗಿ ಮತ್ತೆ ಏರಿದರೆ ಅಲ್ಲಿ ಹೊಸ ಟ್ರ್ಯಾಕ್ ಆರಂಭವಾಯಿತೆಂದು ಅದು ಭಾವಿಸುತ್ತದೆ. ಮುದ್ರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮುಂದುವರಿಸಿದಲ್ಲಿಯೂ ಗುರುತು ಬೀಳುತ್ತದೆ. ಇವಲ್ಲದೆ, ಮುದ್ರಿಸುತ್ತಿರುವಾಗಲೇ ಗುಂಡಿಯೊತ್ತಿ ಗುರುತು ಹಾಕಬಹುದು. ನಂತರದ ಕೆಲವು ಮಾದರಿಗಳಲ್ಲಿ ನಿಗದಿತ ನಿಮಿಷಗಳಿಗೊಮ್ಮೆ ತಾನಾಗಿಯೇ ಗುರುತು ಹಾಕುವ ಏರ್ಪಾಡೂ ಇದೆ.

ಮೌನವನ್ನು ತಪ್ಪಾಗಿ ಗ್ರಹಿಸುವ ಸಂದರ್ಭಗಳು

ಇಲ್ಲಿ ಎರಡು ಬಗೆಯ ದೋಷಗಳು ಕಂಡುಬರುತ್ತವೆ. ಮೊದಲನೆಯದು, ಬೇಡವಾದ ಕಡೆ ಗುರುತು ಬೀಳುವುದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅತಿ ಮೃದುವಾದ ಭಾಗಗಳು, ನಾಟಕದ ಸಂಭಾಷಣೆಯ ನಡುವಿನ ನಿಲುಗಡೆ, ಸಂದರ್ಶನದಲ್ಲಿ ಹಿರಿಯರು ಹಳೆಯದನ್ನು ನೆನಪಿಸಿಕೊಳ್ಳಲು ತಡೆಯುವ ಕ್ಷಣ ಇವೆಲ್ಲವೂ ಯಂತ್ರಕ್ಕೆ ‘ಮುಗಿಯಿತು’ ಎಂದೇ ತೋರಬಹುದು. ಎರಡನೆಯದು, ಬೇಕಾದ ಕಡೆ ಗುರುತು ಬೀಳದಿರುವುದು. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡುಗಳ ನಡುವೆಯೂ ಸೂಜಿಯ ಚರಪರ ಸದ್ದು ಉಳಿಯುವುದರಿಂದ ಮಟ್ಟವು ಸಾಕಷ್ಟು ಇಳಿಯುವುದಿಲ್ಲ. ಕರ್ನಾಟಕ ಸಂಗೀತ ಕಚೇರಿಯಲ್ಲಿ ಗಾಯಕರು ಸುಮ್ಮನಿದ್ದಾಗಲೂ ತಂಬೂರಿಯ ಶ್ರುತಿ ನಿಲ್ಲುವುದಿಲ್ಲ. ಕೃತಿ ಮುಗಿದೊಡನೆ ಚಪ್ಪಾಳೆ ತುಂಬಿಕೊಳ್ಳುತ್ತದೆ. ಹೀಗಾಗಿ ಇಡೀ ಕಚೇರಿ ಒಂದೇ ಟ್ರ್ಯಾಕ್ ಆಗಿ ಉಳಿಯುವ ಸಾಧ್ಯತೆಯಿದೆ.

ಮೌನವನ್ನು ಕಿರಿದುಗೊಳಿಸುವ ಸೌಲಭ್ಯಗಳು

ಗುರುತು ಹಾಕುವುದಕ್ಕಿಂತ ಭಿನ್ನವಾದ ಮತ್ತೊಂದು ಬಗೆಯ ಸೌಲಭ್ಯಗಳಿವೆ. ‘ಸಿಂಕ್ರೊ ರೆಕಾರ್ಡಿಂಗ್’ ಎಂಬುದರಲ್ಲಿ ಧ್ವನಿ ಬಂದಾಗ ಮುದ್ರಣ ತಾನಾಗಿಯೇ ಆರಂಭವಾಗಿ, ಸುಮಾರು 3 ಸೆಕೆಂಡುಗಳ ಮೌನವಾದರೆ ತಡೆಯುತ್ತದೆ. ಸೋನಿಯ ಕೆಲವು ಯಂತ್ರಗಳಲ್ಲಿರುವ ‘ಸ್ಮಾರ್ಟ್ ಸ್ಪೇಸ್’ ಸೌಲಭ್ಯವು ದೀರ್ಘ ಮೌನವನ್ನು ಸುಮಾರು 3 ಸೆಕೆಂಡುಗಳಿಗೆ ಇಳಿಸುತ್ತದೆ. ಸಿನಿಮಾ ಹಾಡುಗಳ ಸಂಕಲನಕ್ಕೆ ಇವು ಅನುಕೂಲಕರ. ಸಂದರ್ಶನ, ಭಾಷಾ ಅಧ್ಯಯನ ಅಥವಾ ಜಾನಪದ ಸಂಗ್ರಹಕ್ಕೆ ಇವು ತಕ್ಕವಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತೆಂಬುದು ಅಲ್ಲಿ ಮಾತಿನಷ್ಟೇ ಮುಖ್ಯವಾದ ಮಾಹಿತಿಯಾಗಿರಬಹುದು. ಮೆಲ್ಲನೆ ಆರಂಭವಾಗುವ ಮಾತಿನ ಮೊದಲ ಅಕ್ಷರಗಳು ಕಳೆದುಹೋಗುವ ಅಪಾಯವೂ ಇದೆ. ಆದ್ದರಿಂದ ಇಂತಹ ಕೆಲಸಗಳಲ್ಲಿ ಈ ಸೌಲಭ್ಯಗಳನ್ನು ಸ್ಥಗಿತಗೊಳಿಸಿ, ಮುದ್ರಣವನ್ನು ಅಖಂಡವಾಗಿ ನಡೆಸಿ, ಗುರುತುಗಳನ್ನು ಅನಂತರ ಹಾಕುವುದು ಸುರಕ್ಷಿತ ಕ್ರಮವಾಗಿದೆ.

ಗುರುತುಗಳ ತಿದ್ದುಪಡಿ

ಮುದ್ರಣದ ನಂತರ ಒಂದು ಟ್ರ್ಯಾಕನ್ನು ವಿಭಜಿಸಬಹುದು, ಎರಡನ್ನು ಕೂಡಿಸಬಹುದು, ಅವುಗಳ ಕ್ರಮವನ್ನು ಬದಲಿಸಬಹುದು. ಇವುಗಳಲ್ಲಿ ಯಾವುದೂ ಮುದ್ರಿತ ಧ್ವನಿಯನ್ನು ಮುಟ್ಟುವುದಿಲ್ಲ. ಬದಲಾಗುವುದು ವಿಷಯಸೂಚಿ ಮಾತ್ರ. ಹಾಡುಗಳ ನಡುವಿನ ಅನಗತ್ಯ ಮೌನವನ್ನು ತೆಗೆಯಬೇಕಾದರೆ ಅದರ ಆದಿಯಲ್ಲಿಯೂ ಅಂತ್ಯದಲ್ಲಿಯೂ ಗುರುತು ಹಾಕಿ, ಪ್ರತ್ಯೇಕವಾದ ಆ ತುಣುಕನ್ನು ಅಳಿಸಬೇಕು. ಅಳಿಸುವ ಮುನ್ನ ಅದನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಸ್ಟೀರಿಯೊ ಮುದ್ರಣದಲ್ಲಿ ಸುಮಾರು 12 ಸೆಕೆಂಡಿಗಿಂತ ಚಿಕ್ಕದಾದ ತುಣುಕುಗಳನ್ನು ಅಳಿಸಿದರೂ ಡಿಸ್ಕಿನಲ್ಲಿ ಉಳಿದಿರುವ ಅವಧಿ ಹೆಚ್ಚದಿರಬಹುದು. ಸ್ಟೀರಿಯೊ ಮತ್ತು ಮೋನೊ ವಿಧಾನಗಳಲ್ಲಿ ಮುದ್ರಿಸಿದ ಟ್ರ್ಯಾಕ್‌ಗಳನ್ನು ಪರಸ್ಪರ ಕೂಡಿಸಲು ಬರುವುದಿಲ್ಲ.

ಈ ಬದಲಾವಣೆಗಳು ಮುದ್ರಣವನ್ನು ನಿಲ್ಲಿಸಿದ ಬಳಿಕವೇ ಡಿಸ್ಕಿನ ಮೇಲೆ ಬರೆಯಲ್ಪಡುತ್ತವೆ. ಪರದೆಯಲ್ಲಿ ‘ಡೇಟಾ ಸೇವ್’ ಅಥವಾ ‘ಟಿಒಸಿ ಎಡಿಟ್’ ಎಂಬ ಸೂಚನೆ ಕಾಣುತ್ತಿರುವಾಗ ಯಂತ್ರವನ್ನು ಅಲುಗಿಸಬಾರದು, ಬ್ಯಾಟರಿಯನ್ನು ತೆಗೆಯಬಾರದು. ಆ ಹಂತದಲ್ಲಿ ವಿದ್ಯುತ್ ಕಡಿದುಹೋದರೆ ಧ್ವನಿಯು ಡಿಸ್ಕಿನಲ್ಲಿದ್ದರೂ ಅದರ ವಿಳಾಸವು ದಾಖಲಾಗದೆ, ಇಡೀ ಮುದ್ರಣವು ಯಂತ್ರಕ್ಕೆ ಇಲ್ಲವೆಂದೇ ಆಗುತ್ತದೆ.

ನಂತರದ ಬೆಳವಣಿಗೆ

2004ರಲ್ಲಿ ಬಂದ ಹೈ-ಎಂಡಿ ಸ್ವರೂಪವು ಧ್ವನಿಯನ್ನು ಸಂಕುಚಿಸದೆ ಮುದ್ರಿಸುವ ಅವಕಾಶವನ್ನು ನೀಡಿತು. ಸೋನಿಯು 2011ರಲ್ಲಿ ಮಿನಿಡಿಸ್ಕ್ ವಾಕ್‌ಮನ್‌ಗಳ ಪೂರೈಕೆಯನ್ನೂ 2013ರಲ್ಲಿ ಉಳಿದ ಮಿನಿಡಿಸ್ಕ್ ಯಂತ್ರಗಳ ಪೂರೈಕೆಯನ್ನೂ ನಿಲ್ಲಿಸಿತು. ಅವುಗಳ ಸ್ಥಾನವನ್ನು ಮೆಮೊರಿ ಕಾರ್ಡ್ ಬಳಸುವ ರೆಕಾರ್ಡರ್‌ಗಳು ಪಡೆದಿವೆ. ಇವುಗಳಲ್ಲಿ ಹಲವು, ಗುರುತುಗಳನ್ನು ಧ್ವನಿಯಿರುವ ವೇವ್ ಕಡತದೊಳಗೇ ಪ್ರತ್ಯೇಕ ವಿಭಾಗದಲ್ಲಿ ಉಳಿಸುತ್ತವೆ. 44.1 ಕಿಲೊಹರ್ಟ್ಸ್, 16 ಬಿಟ್ ಸ್ಟೀರಿಯೊ ಧ್ವನಿಗೆ ನಿಮಿಷವೊಂದಕ್ಕೆ ಸುಮಾರು 10 ಮೆಗಾಬೈಟ್ ಸಾಕಾಗುವುದರಿಂದ, ಜಾಗ ಉಳಿಸುವ ಸಲುವಾಗಿ ಮೌನವನ್ನು ಕತ್ತರಿಸುವ ಅಗತ್ಯವೂ ಈಗ ಬಹುಮಟ್ಟಿಗೆ ಇಲ್ಲವಾಗಿದೆ. ಆದರೂ ಧ್ವನಿ ಬಂದಾಗಷ್ಟೇ ಮುದ್ರಿಸುವ ಸೌಲಭ್ಯವು ಇಂದಿನ ಹಲವು ಯಂತ್ರಗಳಲ್ಲಿಯೂ ಇರುವುದರಿಂದ, ಮಹತ್ವದ ಮುದ್ರಣಕ್ಕೆ ಮೊದಲು ಅದು ಚಾಲನೆಯಲ್ಲಿದೆಯೇ ಎಂದು ಪರಿಶೀಲಿಸಬೇಕಾಗುತ್ತದೆ.