ಅಜ್ಜಿಯ ಹಾಡು, ನನ್ನ ಹೆಡ್‌ಫೋನು

ಕಳೆದ ವರ್ಷ ದಸರಾ ರಜೆಗೆ ತಿಪಟೂರು ಹತ್ತಿರದ ನಮ್ಮೂರಿಗೆ ಹೋದಾಗ, ಸೋಬಾನೆ ಪದ, ರಾಗಿ ಬೀಸೋ ಪದ ಎಲ್ಲ ಸೇರಿ ಅಜ್ಜಿ ಬಾಯಲ್ಲಿ ಹನ್ನೊಂದು ಹಾಡು ರೆಕಾರ್ಡ್ ಮಾಡಿಕೊಂಡೆ. ಬೆಂಗಳೂರಿಗೆ ವಾಪಸ್ ಬಂದು, ದಿನಾ ಮೆಟ್ರೋದಲ್ಲಿ ಹಾಕಿಕೊಳ್ಳೋ ಬ್ಲೂಟೂತ್ ಹೆಡ್‌ಫೋನಲ್ಲೇ ಎಡಿಟ್ ಮಾಡೋಕೆ ಕೂತೆ. ದನಿ ಯಾಕೋ ಗುಂಯ್ ಅಂತಿದೆ ಅನ್ನಿಸಿ ಬೇಸ್ ಇಳಿಸಿದೆ. ಆಮೇಲೂ ಗುಂಯ್ ಅಂತು, ಇನ್ನೂ ಇಳಿಸಿದೆ. ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ಬೀಗಿದ್ದೂ ಆಯ್ತು.

ದೀಪಾವಳಿಗೆ ದೊಡ್ಡಪ್ಪ ಕಾರಲ್ಲಿ ಅದೇ ಹಾಡು ಹಾಕಿದರು. ಹಿಂದಿನ ಸೀಟಲ್ಲಿ ಕೂತಿದ್ದ ಅಜ್ಜಿ, "ಇದ್ಯಾರ್ದ್ ಮಗಾ ದನಿ? ಡಬ್ಬದೊಳಗೆ ಕೂತು ಹಾಡ್ದಂಗೈತೆ" ಅಂದರು.

ತಪ್ಪು ಕಾರಿನ ಸ್ಪೀಕರಿನದಲ್ಲ. ನನ್ನ ಹೆಡ್‌ಫೋನನ್ನು ಮಾಡಿರೋದೇ ಬೇಸ್ ಎತ್ತಿ ಕೊಡೋದಕ್ಕೆ. ಅದು ತಾನಾಗಿ ಸೇರಿಸಿದ್ದನ್ನು ನಾನು ಅಜ್ಜಿಯ ದನಿಯಿಂದ ಕಳೆದುಬಿಟ್ಟಿದ್ದೆ. ಸಾಲದ್ದಕ್ಕೆ, ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದೆ. ಆಫೀಸಲ್ಲಿ ಬ್ಯಾಕಪ್ ಬಗ್ಗೆ ಭಾಷಣ ಬಿಗಿಯೋನೂ ನಾನೇ.

ಮತ್ತೆ ರೆಕಾರ್ಡ್ ಮಾಡದೆ ದಾರಿಯಿರಲಿಲ್ಲ. ಅದಕ್ಕೂ ಮೊದಲು ಒಂದು ಮಾನಿಟರಿಂಗ್ ಹೆಡ್‌ಫೋನ್ ತಗೋಬೇಕು ಅಂತ ಹೊರಟೆ. ಬಜೆಟ್ 6,000 ರೂಪಾಯಿ. ಈ ಜಾತಿಯ ಹೆಡ್‌ಫೋನಿನ ಕೆಲಸ ಹಾಡನ್ನು ಚೆಂದ ಮಾಡೋದಲ್ಲ, ಇರೋದನ್ನ ಇದ್ದ ಹಾಗೆ ಕೇಳಿಸೋದು. ಹಾಗಾಗಿ ಮೊದಲ ಸಲ ಹಾಕಿಕೊಂಡಾಗ ಸಪ್ಪೆ ಅನ್ನಿಸುತ್ತೆ. ನಾವು ದುಡ್ಡು ಕೊಡೋದು ಆ ಸಪ್ಪೆಗೇ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರೋ ಹರ್ಟ್ಸ್ ಲೆಕ್ಕ ನೋಡಿ ನಾನೂ ಮೊದಲು ಮರುಳಾಗಿದ್ದೆ. ಮನುಷ್ಯನ ಕಿವಿಗೆ ಕೇಳೋದೇ ಸುಮಾರು 20ರಿಂದ 20,000 ಹರ್ಟ್ಸ್. ವಯಸ್ಸಾದಂತೆ ಮೇಲಿನ ತುದಿ ಕಮ್ಮಿಯಾಗುತ್ತೆ. ಅದರಾಚೆಯ ಸಂಖ್ಯೆಯಿಂದ ಏನು ಲಾಭ? ಈ ಮಿತಿಯೊಳಗೆ ಯಾವ ಸ್ವರ ಎಷ್ಟು ಉಬ್ಬುತ್ತೆ, ಎಷ್ಟು ಕುಗ್ಗುತ್ತೆ ಅಂತ ಅಳೆದ ಗ್ರಾಫ್ ಸಿಕ್ಕರೆ ಅದನ್ನ ನೋಡಿ. ಬೆಲೆ ನೋಡಿ ಅಂದಾಜು ಮಾಡೋಕೂ ಆಗಲ್ಲ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನುಗಳ ಅಳತೆ ಹೋಲಿಸಿ, ಈ ಗ್ರಾಫಿಗೂ ಬೆಲೆಗೂ ಸಂಬಂಧವೇ ಕಾಣ್ತಿಲ್ಲ ಅಂತ ಬರೆದಿದ್ದಾರೆ. ಅದನ್ನು ಓದಿ ನನ್ನ 6,000ಕ್ಕೆ ಧೈರ್ಯ ಬಂತು.

ವೈರ್ ಇರೋದೇ ಬೇಕು. ಬ್ಲೂಟೂತಲ್ಲಿ ದನಿ ತಡವಾಗಿ ಬರುತ್ತೆ. ನಮ್ಮ ಮಾತು ನಮಗೇ ತಡವಾಗಿ ಕೇಳಿಸಿದರೆ ನಾಲಿಗೆ ತೊದಲುತ್ತೆ. ಹಿಂಭಾಗ ಮುಚ್ಚಿರೋ ಮಾದರಿಯೇ ಇರಲಿ. ತೆರೆದ ಮಾದರಿ ಎಡಿಟಿಂಗಿಗೆ ಒಳ್ಳೇದು, ಆದರೆ ರೆಕಾರ್ಡ್ ಮಾಡುವಾಗ ಅದರಿಂದ ಸೋರೋ ಸದ್ದು ಮೈಕಿಗೆ ನುಗ್ಗುತ್ತೆ. ಓಮ್ ಲೆಕ್ಕವನ್ನೂ ಗಮನಿಸಿ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಬರುತ್ತೆ. 250ರದ್ದನ್ನು ಫೋನಿಗೆ ಸಿಕ್ಕಿಸಿದರೆ ದನಿ ಪಿಸುಮಾತಿನ ಥರ ಕೇಳಬಹುದು, ಆಂಪ್ಲಿಫೈಯರ್ ಬೇಕಾಗುತ್ತೆ. 1991ರಿಂದ ಸ್ಟುಡಿಯೋಗಳಲ್ಲಿ ಸುತ್ತಾಡ್ತಿರೋ ಸೋನಿ ಎಂಡಿಆರ್-7506 ಮೇಲೆ ಆಸೆಯಿತ್ತು, ನನ್ನ ಜೇಬಿಗೆ ಎಟುಕಲಿಲ್ಲ.

ಇನ್ನು ಆರಾಮ. ಇದನ್ನ ಎಲ್ಲರೂ ಕೊನೆಗೆ ನೋಡ್ತಾರೆ, ಮೊದಲು ನೋಡಬೇಕಾದ್ದು ಇದನ್ನೇ. ಅರ್ಧ ಗಂಟೆಗೆ ಕಿವಿ ನೋಯೋಕೆ ಶುರುವಾದರೆ, ಸಾಕಪ್ಪಾ ಅಂತ ಏನೋ ಒಂದು ತೀರ್ಮಾನ ಮಾಡಿ ಎದ್ದುಬಿಡ್ತೀವಿ. ಕಿವಿಯ ಮೇಲೆ ಕೂರೋದಲ್ಲ, ಕಿವಿಯ ಸುತ್ತ ಕೂರೋ ಕುಶನ್ ಇರೋದನ್ನ ತಗೊಳ್ಳಿ. ನನ್ನ ಹಾಗೆ ಕನ್ನಡಕದವರಾದರೆ ಇನ್ನೊಂದು ಪೀಕಲಾಟ: ಕನ್ನಡಕದ ಕಡ್ಡಿ ಕುಶನ್ನನ್ನು ಸ್ವಲ್ಪ ಎತ್ತುತ್ತೆ, ಆ ಸಂದಿಯಲ್ಲಿ ಬೇಸ್ ಸೋರಿಹೋಗುತ್ತೆ. ಅಂದರೆ ಆರಾಮ ಇಲ್ಲದಿದ್ದರೆ ನಿಖರತೆಯೂ ಇಲ್ಲ. ಹಾಗಾಗಿ ಕನ್ನಡಕ ಹಾಕಿಕೊಂಡೇ ಪರೀಕ್ಷೆ ಮಾಡಿ, ಹತ್ತು ನಿಮಿಷವಾದರೂ. ಮೊಬೈಲ್ ಅಂಗಡಿಗಿಂತ ಸಂಗೀತ ವಾದ್ಯ ಮಾರೋ ಅಂಗಡಿಯವರು ಇದಕ್ಕೆ ಸಮಯ ಕೊಡ್ತಾರೆ ಅನ್ನೋದು ನನ್ನ ಅನುಭವ. ಪರೀಕ್ಷೆಗೆ ಅವರು ಹಾಕೋ ಹಾಡು ಬೇಡ. ನಿಮಗೆ ಚೆನ್ನಾಗಿ ಗೊತ್ತಿರೋ ಒಬ್ಬರ ಮಾತನ್ನ ರೆಕಾರ್ಡ್ ಮಾಡಿಕೊಂಡು ಹೋಗಿ. ನಾನು ಅಮ್ಮನ ವಾಯ್ಸ್ ಮೆಸೇಜ್ ಹಾಕಿ ಕೇಳಿದೆ. ಮೂರು ಹೆಡ್‌ಫೋನಲ್ಲಿ ಎರಡರಲ್ಲಿ ಅಮ್ಮನಿಗೆ ನೆಗಡಿಯಾಗಿತ್ತು.

ಕೊನೆಗೆ ತಗೊಂಡಿದ್ದು ಆಡಿಯೋ-ಟೆಕ್ನಿಕಾ ಎಟಿಎಚ್-ಎಂ20ಎಕ್ಸ್. 47 ಓಮ್, ಫೋನಿಗೂ ಸಾಕು. ತೂಕ ಸುಮಾರು 190 ಗ್ರಾಂ. ವೈರ್ ಬಿಚ್ಚೋಕೆ ಬರಲ್ಲ, ಉದ್ದ ಮೂರು ಮೀಟರ್, ಕಾಲಿಗೆ ತೊಡರುತ್ತೆ. ಮೊದಮೊದಲು ತಲೆ ಬಿಗಿ ಹಿಡೀತಿತ್ತು; ಬಿ.ಇ. ಪುಸ್ತಕಗಳ ಒಂದು ಕಟ್ಟಿಗೆ ಎರಡು ರಾತ್ರಿ ತೊಡಿಸಿಟ್ಟ ಮೇಲೆ ಸಡಿಲಾಯ್ತು. ಆ ಪುಸ್ತಕಗಳು ಅಂತೂ ಉಪಯೋಗಕ್ಕೆ ಬಂದವು.

ಸಂಕ್ರಾಂತಿಗೆ ಊರಿಗೆ ಹೋದೆ. ಮೈಕಿನ ಮುಂದೆ ಅಜ್ಜಿಯನ್ನ ಕೂರಿಸಿ ಹೆಡ್‌ಫೋನ್ ಹಾಕಿದ ತಕ್ಷಣ ಪಕ್ಕದ ರೂಮಿನ ಫ್ರಿಜ್ಜಿನ ಗೊರಗೊರ, ನನ್ನ ಕೈಯಲ್ಲಿದ್ದ ಕಾಗದದ ಸರಬರ, ಎಲ್ಲಾ ಕೇಳಿಸ್ತು. ಹೋದ ಸಲವೂ ಇವೆಲ್ಲ ಇದ್ದಿರಬೇಕು. ಫ್ರಿಜ್ ಆಫ್ ಮಾಡಿಸಿದೆ. ದೊಡ್ಡಮ್ಮ ಹಾಲು ಒಡೆದುಹೋದೀತು ಅಂತ ಗೊಣಗಿದರು.

ಎಂಟು ಹಾಡು ಸಲೀಸಾಗಿ ಬಂದವು. ಉಳಿದ ಮೂರರಲ್ಲಿ ನಡುವಿನ ಸಾಲುಗಳು ಅಜ್ಜಿಗೆ ನೆನಪಾಗಲಿಲ್ಲ. ಮೂರು ತಿಂಗಳ ಹಿಂದೆ ಪೂರ್ತಿ ಹಾಡಿದ್ದರು. ಸಾಲುಗಳೇನೋ ಆ ಡಬ್ಬದ ದನಿಯ ಫೈಲಲ್ಲಿ ಇವೆ, ಅದನ್ನ ಅಳಿಸಿಲ್ಲ. ಎಂಟು ಹಾಡು ಕೇಳಿಸೋಣ ಅಂತ ಹೆಡ್‌ಫೋನ್ ಅಜ್ಜಿಗೇ ಹಾಕಿದೆ. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿದರು.

"ಹ್ಞೂ, ಇದು ನಂದೇಯ" ಅಂದರು. "ಆ ಮೂರೂ ಹಾಕು, ಕೇಳ್ಕಂಡು ಕಲೀತೀನಿ."