ಬ್ಲೀಚಿಂಗ್ ಪುಡಿಯ ಘಾಟು

ಯಾದಗಿರಿ ಸೀಮೆಯ ಹಳ್ಳಿಯೊಂದರ ಆರೋಗ್ಯ ಕೇಂದ್ರ. ಇನ್ನೂ ಬೆಳಕು ಹರಿದಿಲ್ಲ. ಹೆರಿಗೆ ಕೋಣೆಯ ಹಿಂದೆ ಆಯಾ ಕುಕ್ಕರಗಾಲಲ್ಲಿ ಕುಳಿತು ಪ್ಲಾಸ್ಟಿಕ್ ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದಾಳೆ. ಲೀಟರ್ ನೀರಿಗೆ ಮೂರು ಚಮಚ. ಗಂಟಾಗದಂತೆ ಕೋಲಿನಿಂದ ಕದಡುತ್ತಾಳೆ. ನಿನ್ನೆಯದನ್ನು ಆಗಲೇ ಚೆಲ್ಲಿದ್ದಾಳೆ. ಹಳತಾದರೆ ಅದರ ಕಸುವು ಹೋಗುತ್ತದೆ.

ರಾತ್ರಿಯ ಹೆರಿಗೆಗೆ ಬಳಸಿದ ಕತ್ತರಿ, ಫೋರ್ಸೆಪ್ಸ್ ಈ ನೀರಿನಲ್ಲಿ 10 ನಿಮಿಷ ಮುಳುಗಬೇಕು. ಆಮೇಲೆ ಸೋಪು, ಬ್ರಷ್ಷು. ಕತ್ತರಿಯ ಕೀಲಿನ ಸಂದಿಯಲ್ಲಿ ರಕ್ತ ಒಣಗಿ ಉಳಿದರೆ ಆಟೋಕ್ಲೇವಿನ ಹಬೆ ಅಲ್ಲಿಗೆ ಮುಟ್ಟುವುದಿಲ್ಲ. 121 ಡಿಗ್ರಿಯಲ್ಲಿ 30 ನಿಮಿಷ ಬೆಂದು ಬಂದ ಬಟ್ಟೆಗಂಟುಗಳನ್ನು ಸಿಸ್ಟರ್ ದೀಪಕ್ಕೆ ಹಿಡಿದು ನೋಡುತ್ತಾರೆ. ಹಬೆ ತಾಗಿದರೆ ಕಪ್ಪಾಗಬೇಕಾದ ಟೇಪಿನ ಗೆರೆ ಒಂದರಲ್ಲಿ ಕಪ್ಪಾಗಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟ ಆ ಕೈ ಗಂಟನ್ನು ಮತ್ತೆ ಒಳಗಿಡುತ್ತದೆ. ಯಾರೂ ನೋಡದ ಹೊತ್ತಿನ ಈ ಕೆಲಸದ ಮೇಲೆ ನನಗೆ ಅಪಾರ ಗೌರವ.

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲೂ ಇದೇ ಘಾಟು ಎದ್ದಿತ್ತು. ಶವ ಕೊಯ್ದ ಕೈಗಳಲ್ಲೇ ಗರ್ಭಿಣಿಯರನ್ನು ಮುಟ್ಟುತ್ತಿದ್ದ ವೈದ್ಯರಿಗೆ ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿದ. ಬಾಣಂತಿಯರ ಸಾವು ಇಳಿಯಿತು.

ಇಲ್ಲಿ ಗೋಡೆಯ ಮೇಲೆ ಕೈ ತೊಳೆಯುವ ಹಂತಗಳ ಚಿತ್ರವಿದೆ. ಅದರ ಕೆಳಗಿನ, ಮೊಣಕೈಯಿಂದ ತಿರುಗಿಸುವ ನಲ್ಲಿ ಒಣಗಿದೆ. ಪಕ್ಕದಲ್ಲಿ ಮುಚ್ಚಳದ ಡ್ರಮ್ಮು, ಅದಕ್ಕೊಂದು ನಲ್ಲಿ. ಟ್ಯಾಂಕರ್ ಬಂದಾಗ ಆಯಾ ತುಂಬಿಟ್ಟ ನೀರು. ಚಿತ್ರಕ್ಕಿಂತ ಮೊದಲು ಇಲ್ಲಿಗೆ ನೀರು ಬರಬೇಕಿತ್ತು. ನೆನೆದರೆ ಸಿಟ್ಟು ಬರುತ್ತದೆ.

ಒಳಗೆ ರಾತ್ರಿ ಹುಟ್ಟಿದ ಕೂಸು ತಾಯಿಯ ಎದೆಗಂಟಿ ಮಲಗಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಾಳೆ. ಬೂದಿ.

“ಹೊಕ್ಕಳಕ್ಕ ಏನೂ ಹಚ್ಚಬ್ಯಾಡ್ರಿ, ಆಯಿ. ತಾನಾ ಒಣಗಿ ಬೀಳ್ತದ,” ಅನ್ನುತ್ತಾರೆ ಸಿಸ್ಟರ್.

ಅಜ್ಜಿಯ ಕೈ ನಿಲ್ಲುತ್ತದೆ. “ನಂದು ಮೊದಲನೇ ಕೂಸು ಎಂಟನೇ ದಿನಕ್ಕ ಬಿಲ್ಲಿನಂಗ ಸೆಟೆದು ಹೋತವ್ವಾ. ಹೊಕ್ಕಳಬಳ್ಳಿ ಕುಡುಗೋಲಿಲೆ ಕೊಯ್ದಿದ್ರು.”

ಧನುರ್ವಾಯು. ಬಾಣಂತಿ, ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂಬ ಘೋಷಣೆ ಬಂದದ್ದು 2015ರಲ್ಲಿ. ಲಸಿಕೆಯ ಜೊತೆ ಇಂಥ ಕೋಣೆಗಳ ಶುದ್ಧ ಕತ್ತರಿಗೂ ಅದರಲ್ಲಿ ಪಾಲಿದೆ.

ಹೊರಗೆ ಆಟೊ ನಿಂತ ಸದ್ದು, ನರಳಾಟ. ಸಿಸ್ಟರ್ ತೋಳು ಮಡಚಿ ಡ್ರಮ್ಮಿನತ್ತ ನಡೆಯುತ್ತಾರೆ. ಅಜ್ಜಿ ಬೂದಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ.